ನಾಲ್ಕನೇ ಕೋಣೆಯ ಉಸಿರು

ಅಕ್ಟೋಬರ್ 12

ಮಗಳೇ,

ನಿನ್ನ ಪಾರ್ಸಲ್ ಮೊನ್ನೆ ಕೈ ಸೇರಿತು. ಪುಟ್ಟನ ಫೋಟೋನ ಅಡಿಗೆಮನೆ ಕಿಟಕಿಗೆ ಸಿಕ್ಕಿಸಿದ್ದೀನಿ. ನಾಲ್ಕು ತಿಂಗಳಿಗೇ ಏನೇ ಅವನ ಗತ್ತು! ನಮ್ಮ ಗೋದಾಮಿನ ಯಜಮಾನರು ಸುತ್ತು ಹಾಕೋಕೆ ಬಂದಾಗ ಹೀಗೇ ಹುಬ್ಬು ಗಂಟು ಹಾಕ್ಕೊಂಡು ನೋಡೋದು. ಸೋಪಂತೂ ಬಹಳ ಚೆನ್ನಾಗಿದೆ. ಎಂಥಾ ಪರಿಮಳ! ಬಚ್ಚಲುಮನೆ ಬಾಗಿಲು ಹಾಕಿದ್ರೂ ಹಾಲ್ ತನಕ ಘಮ್ ಅನ್ನುತ್ತೆ. ಇಷ್ಟೆಲ್ಲ ಖರ್ಚು ಯಾಕೆ ಮಾಡೋಕೆ ಹೋದೆ?

ಇಲ್ಲಿ ಕೊಯ್ಲಿನ ಗದ್ದಲ ಮುಗೀತು. ಆರು ಕೋಣೆಗೂ ಸೇಬು ತುಂಬಿ ಬಾಗಿಲು ಜಡಿದಾಯ್ತು. ನಾಲ್ಕನೇ ಕೋಣೆಗೆ ಈ ಸಲ ಬಿದ್ದಿರೋದು ಎಲ್ಲಕ್ಕಿಂತ ಒಳ್ಳೇ ಮಾಲು, ಕೆಂಪು ಅಂದ್ರೆ ಕೆಂಪು. ಜನವರಿ ತನಕ ಅದನ್ನ ಮುಟ್ಟೋ ಹಾಗಿಲ್ಲ.

ನೀನು ಹಣ್ಣಿನ ಉಸಿರನ್ನೇ ಓದಿಕೊಂಡು ದೊಡ್ಡ ಲ್ಯಾಬಲ್ಲಿ ಕೂತವಳು. ನಿನಗೆ ನಾನೇನು ಪಾಠ ಹೇಳೋದು. ಆದ್ರೆ ಅಜ್ಜಿ ಏನು ಕೆಲಸ ಮಾಡ್ತಾಳೆ ಅಂತ ಪುಟ್ಟ ನಾಳೆ ಕೇಳಿದಾಗ, ನಿನ್ನ ಲ್ಯಾಬ್ ಭಾಷೇಲಿ ಹೇಳಿ ಅವನನ್ನ ಹೆದರಿಸಬೇಡ. ಹೀಗೆ ಹೇಳು: ಮರದಿಂದ ಕಿತ್ತರೂ ಸೇಬು ಸತ್ತಿರಲ್ಲ, ಉಸಿರಾಡ್ತಾನೇ ಇರುತ್ತೆ. ಜಾಸ್ತಿ ಉಸಿರಾಡಿದಷ್ಟೂ ಬೇಗ ಮುದಿಯಾಗುತ್ತೆ. ಅದಕ್ಕೇ ಅಜ್ಜಿ ಅದನ್ನ ತಣ್ಣಗಿನ ಕೋಣೇಲಿ ಕೂಡಿ ಹಾಕಿ, ನೈಟ್ರೋಜನ್ ತುಂಬಿಸಿ, ಆಕ್ಸಿಜನ್ ಇಳಿಸಿ ಮಲಗಿಸ್ತಾಳೆ. ನೂರಕ್ಕೆ ಎರಡು ಪಾಲು ಆಕ್ಸಿಜನ್, ಅಷ್ಟೇ. ಅದಕ್ಕಿಂತ ಹೆಚ್ಚಾದ್ರೆ ಹಣ್ಣು ಎದ್ದು ಕೂರುತ್ತೆ. ತೀರಾ ಕಮ್ಮಿ ಆದ್ರೆ ಉಸಿರು ಕಟ್ಟಿ ಒಳಗೊಳಗೇ ಹುಳಿಯುತ್ತೆ, ಹೆಂಡದ ವಾಸನೆ ಹೊಡೆಯುತ್ತೆ. ಆ ವಾಸನೆ ಇಡೀ ಗೋದಾಮಿಗೆ ಮೊದಲು ಗೊತ್ತಾಗೋದು ಅಜ್ಜಿ ಮೂಗಿಗೆ. ಇಪ್ಪತ್ತಾರು ವರ್ಷ ಒಂದು ಕೋಣೆನೂ ಕೆಟ್ಟಿಲ್ಲ ಅಂತಾನೂ ಸೇರಿಸು. ಜಂಭ ಅಂದ್ಕೊಂಡ್ರೆ ಅಂದ್ಕೊಳ್ಳಲಿ.

ಮೀಟರು ನೋಡಿಕೊಳ್ಳೋಕೆ ಹೋದ ವರ್ಷ ಒಬ್ಬ ಟೆಕ್ನಿಷಿಯನ್ ಬಂದ ಅಂದಿದ್ನಲ್ಲ, ನಲವತ್ತು ದಾಟಿದ ಮನುಷ್ಯ, ಎರಡು ಹೆಣ್ಣುಮಕ್ಕಳ ಅಪ್ಪ. ಅವನ ಹೆಂಡತಿನೂ ಇಲ್ಲೇ ಹಣ್ಣು ಆರಿಸೋ ಬೆಲ್ಟಲ್ಲಿ ಕೆಲಸಕ್ಕಿದ್ದಾಳೆ. ಎಲ್ಲರೂ ಅವನನ್ನ ಮೀಟರಪ್ಪ ಅಂತಾರೆ. ನಾನಂತೂ ಮೊದಲಿಂದಲೂ ಮೂಗಿನಕ್ಕ. ಮೀಟರಪ್ಪ ಅಂಕಿ ನೋಡ್ತಾನೆ, ಮೂಗಿನಕ್ಕ ಹಣ್ಣು ನೋಡ್ತಾಳೆ, ಯಜಮಾನರು ಇಬ್ಬರನ್ನೂ ನೋಡ್ತಾರೆ.

ಯಾವಾಗ ಬರ್ತೀಯ ಅಂತ ಕೇಳಿದ್ದೀಯ. ಸೀಸನ್ ಮುಗೀಲಿ ಕಣೇ. ಕೋಣೆಗಳನ್ನ ಬಿಟ್ಟು ಹೇಗೆ ಬರಲಿ.

ಅಳಿಯಂದಿರಿಗೆ ಕೇಳಿದೆ ಅಂತ ಹೇಳು.

ನಿನ್ನ ಅಮ್ಮ


ನವೆಂಬರ್ 3

ಅಮ್ಮಾ,

ಜೂನಲ್ಲಿ ನನಗೆ ಹೆರಿಗೆ ಆದಾಗ ಕೋಣೆಗಳ ರಿಪೇರಿ ಅಂದೆ. ಆಗಸ್ಟಲ್ಲಿ ಮಂಡಿನೋವು ಅಂದೆ. ಈಗ ಸೀಸನ್ ಅಂತೀಯ. ನಾನು ಆ ಗೋದಾಮಿನ ಅಂಗಳದಲ್ಲೇ ಆಡಿ ಬೆಳೆದವಳು. ಜೂನಲ್ಲಿ ಕೋಣೆಗಳು ಖಾಲಿ ಇರುತ್ತವೆ, ಬಾಗಿಲು ಹಾರು ಹೊಡೆದು ಸೊಳ್ಳೆ ಹೊಡ್ಕೊಂಡು ಕೂತಿರ್ತೀರ ಅಂತ ನನಗೆ ಗೊತ್ತಿಲ್ವಾ?

ಬಾಣಂತನಕ್ಕೆ ಅತ್ತೆ ಬಂದಿದ್ರು, ಒಳ್ಳೇವ್ರು, ಏನೂ ಕಮ್ಮಿ ಮಾಡಲಿಲ್ಲ. ಆದ್ರೆ ಬಾಗಿಲು ಬಡಿದಾಗೆಲ್ಲ ನೀನೇ ಅಂದ್ಕೊಂಡೆ. ಇದನ್ನ ಹೇಳಬಾರದು ಅಂತಿದ್ದೆ, ಹೇಳಿಬಿಟ್ಟೆ.

ಆ ಸೋಪು ನಿನ್ನ ಕೈ ಒಡೆಯುತ್ತಲ್ಲ, ಅದಕ್ಕೆ ಅಂತ ಡಾಕ್ಟರನ್ನ ಕೇಳಿ ತಂದದ್ದು. ನೆಂಟರಿಗೆ ಅಂತ ಎತ್ತಿಡಬೇಡ, ದಿನಾ ಹಚ್ಚು. ಮೀಟರಪ್ಪನ ಜತೆ ಜಗಳ ಆಡಬೇಡ. ಅಂಕಿನೂ ಬೇಕು, ಮೂಗೂ ಬೇಕು.

ಮಗಳು


ಡಿಸೆಂಬರ್ 9

ಮಗಳೇ,

ನಿನ್ನ ಕಾಗದಕ್ಕೆ ಉತ್ತರ ಬರೀಲಿಲ್ಲ. ಬರೆದು ಬರೆದು ಹರಿದು ಹಾಕಿದೆ. ಬೇಜಾರು ಮಾಡ್ಕೋಬೇಡ ಅಂದ್ರೆ ನೀನು ಇನ್ನೂ ಜಾಸ್ತಿ ಮಾಡ್ಕೊಳ್ಳೋಳು, ಆದ್ದರಿಂದ ಅದು ಬಿಡು.

ಜಗಳ ಆಡಬೇಡ ಅಂದಿದ್ದೆ, ಆಡಿಬಿಟ್ಟೆ. ಸೋಮವಾರ ನಾನು ಕಿಂಡಿ ನೋಡೋ ದಿನ. ಅದು ನಿನಗೆ ಬಾಯಿಪಾಠ: ಬಾಗಿಲಿನ ಕಿಂಡಿ ತೆಗೆದು, ಉದ್ದ ಕೋಲಿನ ಬಲೆಯಿಂದ ಮೂರು ಹಣ್ಣು ಎಳೆದುಕೊಂಡು, ಕಿಂಡಿ ಮುಚ್ಚಿ, ಹಣ್ಣು ಕೊಯ್ದು ಮೂಸಿ, ಚೂರು ಬಾಯಿಗೆ ಹಾಕಿ, ಬಾಗಿಲ ಮೇಲಿನ ಹಾಳೇಲಿ ಬರೆಯೋದು. ಆ ಹೊತ್ತಿಗೆ ಕೋಣೆಗಳ ಮುಂದಿನ ಓಣೀಲಿ ಇನ್ನೊಬ್ಬರು ನಿಲ್ಲೋ ಹಾಗಿಲ್ಲ. ಒಬ್ಬನ ಬೆವರು, ಒಬ್ಬನ ತಲೆ ಎಣ್ಣೆ ಅಂತ ಎಲ್ಲಾ ಕಲಸಿ ಹೋದ್ರೆ ಹಣ್ಣಿನ ವಾಸನೆ ಎಲ್ಲಿ ಹುಡುಕಲಿ? ಇದು ನಾನೇ ಮಾಡಿದ ಕಟ್ಟಳೆ. ಯಜಮಾನರೂ ಅದನ್ನ ದಾಟಲ್ಲ.

ಈ ಮಹರಾಯ ಮೀಟರಪ್ಪ ಅವತ್ತು ಅಲ್ಲಿಗೇ ಬಂದ. ನಾಲ್ಕನೇ ಕೋಣೆ ಮೀಟರು ಎರಡು ಅಂತಾನೇ ತೋರಿಸ್ತಿದೆಯಂತೆ, ಆದ್ರೆ ನೈಟ್ರೋಜನ್ ಮಷೀನು ಬೇರೆ ಕೋಣೆಗಿಂತ ಎರಡು ಪಟ್ಟು ಓಡ್ತಿದೆಯಂತೆ. ಕೋಣೆಯಿಂದ ಮೀಟರಿಗೆ ಗಾಳಿ ತರೋ ಸಣ್ಣ ಕೊಳವೇಲಿ ಎಲ್ಲೋ ತೂತು ಬಿದ್ದಿರಬೇಕು, ಹೊರಗಿನ ಗಾಳಿ ಸೇರಿಕೊಂಡು ಮೀಟರು ಹೆಚ್ಚು ತೋರಿಸ್ತಿರಬೇಕು, ಒಳಗೆ ನಿಜವಾಗಿ ಆಕ್ಸಿಜನ್ ಎಷ್ಟಿದೆಯೋ ದೇವರೇ ಬಲ್ಲ ಅಂದ. ಕೈ ಮೀಟರು ಹಿಡ್ಕೊಂಡು ಬಂದಿದ್ದ, ಕಿಂಡಿ ಹತ್ರ ಒಂದು ಸಲ ಹಿಡೀತೀನಿ, ಹತ್ತೇ ನಿಮಿಷ ಅಂದ.

ನಾನು ಒಪ್ಪಲಿಲ್ಲ. ಈಗಷ್ಟೇ ಮೂರು ಹಣ್ಣು ನೋಡಿದ್ದೀನಿ, ಹುಳಿ ಹಿಡಿದಿದ್ರೆ ನನಗೆ ಗೊತ್ತಾಗ್ತಿರಲಿಲ್ವಾ, ಕಿಂಡಿ ತೆಗೆದು ತೆಗೆದು ನೀನೇ ಹಣ್ಣು ಕೆಡಿಸ್ತೀಯ ಅಂತ ಬೈದೆ. ಬಾಯಿ ಜೋರಾಯ್ತು. ಅವನು ತಲೆ ಕೆರ್ಕೊಂಡು, ನೀವು ಅಂದಮೇಲೆ ಮುಗೀತಕ್ಕಾ ಅಂತ ಹೊರಟುಹೋದ.

ಪಾಪದವನು. ಆದ್ರೂ ಸುಮ್ಮನೆ ತಲೆ ತಿಂತಾನೆ.

ಇಲ್ಲಿ ಚಳಿ ಜೋರು. ಪುಟ್ಟನಿಗೆ ಕಿವಿ ಮುಚ್ಚೋ ಹಾಗೆ ಟೋಪಿ ಹಾಕು.

ಅಮ್ಮ


ಜನವರಿ 21

ಮಗಳೇ,

ನಿನ್ನೆ ನಾಲ್ಕನೇ ಕೋಣೆ ತೆಗೆದ್ವಿ. ಎಲ್ಲಾ ಹೋಯ್ತು.

ಗಾಳಿ ಬಿಟ್ಟು ಒಳಗೆ ಹೋಗೋ ಹೊತ್ತಿಗೇ ಜನ ಮೂಗು ಮುಚ್ಚಿಕೊಂಡ್ರು. ನೋಡೋಕೆ ಹಣ್ಣು ಅದೇ ಕೆಂಪು, ಅದೇ ಹೊಳಪು. ಕೊಯ್ದರೆ ಒಳಗೆ ನೆನೆದ ರಟ್ಟಿನ ಬಣ್ಣ. ಒಂದು ಪೆಟ್ಟಿಗೆ, ಇನ್ನೊಂದು ಪೆಟ್ಟಿಗೆ, ಮೇಲಿನ ಸಾಲು, ಹಿಂದಿನ ಸಾಲು, ಒಂದಾದ್ರೂ ಉಳಿದಿರಬಾರದೇ. ಯಜಮಾನರು ಖಾಲಿ ಪೆಟ್ಟಿಗೆ ಬೋರಲು ಹಾಕ್ಕೊಂಡು ಅದರ ಮೇಲೆ ಕೈ ಚೆಲ್ಲಿ ಕೂತುಬಿಟ್ರು. ಲಾರಿ ಬಂದು ಇಡೀ ಕೋಣೇನ ಗುಂಡಿಗೆ ಹೊತ್ತುಕೊಂಡು ಹೋಯ್ತು.

ಸಂಜೆಗೆ ಮೀಟರಪ್ಪನಿಗೆ ಕೆಲಸ ಬಿಡು ಅಂದ್ರು. ಆಕ್ಸಿಜನ್ ಇಳಿದದ್ದು ಗೊತ್ತಾಗದ ಮೀಟರು ಇಟ್ಟುಕೊಂಡು ಏನು ಮಾಡ್ತಿದ್ದೆ ಅಂತ. ಅವನು ನನ್ನ ಕಡೆ ಒಂದು ಸಲ ನೋಡಿದ, ಅಷ್ಟೇ.

ಇಪ್ಪತ್ತು ಹಣ್ಣು ಪೆಟ್ಟಿಗೇಲಿ ಹಾಕಿ ಕಳಿಸ್ತಿದ್ದೀನಿ. ನಿನ್ನ ಲ್ಯಾಬಲ್ಲಿ ನೋಡಿ ಒಂದು ಕಾಗದ ಬರೆದುಕೊಡು. ಈ ಹಾಳು ಕೊನೇ ಒಂದೇ ವಾರದಲ್ಲಿ ಆದದ್ದು, ಅದಕ್ಕೆ ಮುಂಚೆ ಹಣ್ಣು ಸರಿಯಾಗಿತ್ತು ಅಂತ. ಹಾಗೆ ಇದ್ರೆ ನನ್ನ ಸೋಮವಾರಗಳ ಮೇಲೆ ಮಾತು ಬರಲ್ಲ. ಹಾಗೇ ಇರುತ್ತೆ. ಇರಬೇಕು.

ಬೇಗ ಬರಿ.

ಅಮ್ಮ


ಫೆಬ್ರವರಿ 4

ಅಮ್ಮಾ,

ಪೆಟ್ಟಿಗೆ ಬಂತು. ಮುಚ್ಚಳ ತೆಗೀತಿದ್ದ ಹಾಗೇ ನಮ್ಮ ಲ್ಯಾಬ್ ಗುಡಿಸೋ ಆಕೆ ಬಾಗಿಲಲ್ಲೇ ನಿಂತು, 'ಬೆಳಿಗ್ಗೆ ಬೆಳಿಗ್ಗೇನೇ ಯಾರು ಕುಡಿದು ಬಂದಿರೋದು?' ಅಂದಳು. ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ.

ಇಪ್ಪತ್ತು ಹಣ್ಣನ್ನೂ ಕೊಯ್ದೆ. ರಸ ತೆಗೆದು ಮಷೀನಿಗೆ ಹಾಕಿದೆ. ಮದ್ಯಸಾರ ಎಷ್ಟಿದೆ ಅಂದ್ರೆ, ಮೊದಲ ಸಲ ತಪ್ಪು ಓದಿದೆನೇನೋ ಅಂತ ಮತ್ತೆ ಹಾಕಿದೆ. ಬೀಜದ ಗೂಡಿನ ಸುತ್ತ ಕಂದು ಬಣ್ಣ, ಅಲ್ಲಲ್ಲಿ ಪೊಳ್ಳು ಬೇರೆ. ಒಂದು ವಾರದ್ದು ಅಂತ ನನಗೆ ಕಾಣ್ತಿಲ್ಲ ಅಮ್ಮಾ.

ಕಾಗದ ಕೊಡೋ ಮುಂಚೆ ಗಟ್ಟಿ ಮಾಡ್ಕೋಬೇಕು. ಅದೇ ಜಾತಿ ಒಳ್ಳೇ ಸೇಬುಗಳನ್ನ ಗಾಜಿನ ಜಾಡಿಗಳಲ್ಲಿಟ್ಟು, ನಿಮ್ಮ ಕೋಣೆಯಷ್ಟೇ ತಣ್ಣಗೆ ಮಾಡಿ, ಆಕ್ಸಿಜನ್ ಪೂರಾ ಇಳಿಸಿ ಇಟ್ಟಿದ್ದೀನಿ. ವಾರಕ್ಕೊಂದು ಜಾಡಿ ತೆಗೆದು ನೋಡ್ತೀನಿ. ನೀನು ನಾಲ್ಕನೇ ಕೋಣೆಯ ಕೊನೇ ಎಂಟು ವಾರದ ಹಾಳೆ ಕಳಿಸು.

ಒಂದು ಕೇಳ್ತೀನಿ. ಮೀಟರಪ್ಪ ಡಿಸೆಂಬರಲ್ಲೇ ಕೊಳವೆ ನೋಡಬೇಕು ಅಂದಿದ್ದ ಅಂತ ನೀನೇ ಬರೆದಿದ್ದೆ. ಅದನ್ನ ಯಜಮಾನರಿಗೆ ಯಾರಾದ್ರೂ ಹೇಳಿದ್ರಾ?

ಮಗಳು


ಫೆಬ್ರವರಿ 12

ಹಾಳೆ ಕಳಿಸಿದ್ದೀನಿ. ಎಂಟು ಸೋಮವಾರ, ಎಂಟು ಸಲ 'ವಾಸನೆ ಸರಿ', ಎಂಟು ಸಹಿ. ಎಣಿಸಿಕೋ.

ನಾನು ಕಾಗದ ಕೇಳಿದ್ದು ಮಗಳ ಹತ್ರ, ಪೊಲೀಸರ ಹತ್ರ ಅಲ್ಲ. ಎರಡು ಸಾಲು ಬರೀ ಅಂದ್ರೆ ಜಾಡಿ, ವಾರ, ಮಷೀನು ಅಂತೀಯ. ನಿನ್ನಪ್ಪ ಹೋದಾಗ ನೀನು ಒಂಬತ್ತು ವರ್ಷದವಳು. ಆಮೇಲೆ ನಿನ್ನನ್ನ ಓದಿಸಿದ್ದು ಈ ಮೂಗೇ ಅನ್ನೋದು ನೆನಪಿರಲಿ. ನನಗೆ ಇನ್ನು ಮೂರು ವರ್ಷ ಕೆಲಸ ಇದೆ. ಮೂಗಿನಕ್ಕನ ಮೂಗು ಹೋಯ್ತು ಅಂತ ಜನ ಆಡ್ಕೊಂಡ್ರೆ ನಾನು ಆ ಗೇಟು ದಾಟಿ ಒಳಗೆ ಹೇಗೆ ಹೋಗಲಿ?

ಯಾರು ಯಾರಿಗೆ ಏನು ಹೇಳಿದ್ರು ಅನ್ನೋದು ನಿನಗೆ ಬೇಡ.

ಅಮ್ಮ


ಮಾರ್ಚ್ 8

ಅಮ್ಮಾ,

ಈ ಕಾಗದ ಬರೆಯೋಕೆ ಎರಡು ದಿನ ಹಿಡೀತು. ಕೂತು ಓದು. ನಿಂತುಕೊಂಡು ಓದಬೇಡ.

ಒಂದನೇ ವಾರದ ಜಾಡೀಲಿ ಏನೂ ಇರಲಿಲ್ಲ. ಎರಡನೇ ವಾರ ಮೂಗು ಹತ್ರ ಇಟ್ಟರೆ ಸಣ್ಣಗೆ ಗೊತ್ತಾಗ್ತಿತ್ತು. ಮೂರನೇ ವಾರ ಮುಚ್ಚಳ ಸಡಿಲ ಮಾಡಿದ ಕೂಡಲೇ ಪಕ್ಕದ ಮೇಜಿನವನು ತಲೆ ಎತ್ತಿ ನೋಡಿದ. ಅವನಿಗೆ ನೆಗಡಿ ಆಗಿತ್ತು. ನಾಲ್ಕನೇ ವಾರದ ಹಣ್ಣಲ್ಲೂ ನೀನು ಕಳಿಸಿದ ಹಣ್ಣಿನ ಅರ್ಧದಷ್ಟೂ ಮದ್ಯಸಾರ ಇಲ್ಲ. ನಿಮ್ಮ ಕೋಣೆ ಏಳೆಂಟು ವಾರ ಉಸಿರು ಕಟ್ಟಿ ಬಿದ್ದಿತ್ತು. ಅಂದ್ರೆ ಕನಿಷ್ಠ ಐದು ಸೋಮವಾರ ನೀನು ಕೊಯ್ದ ಹಣ್ಣು ನಾರ್ತಿತ್ತು. ಐದು ಸೋಮವಾರ 'ವಾಸನೆ ಸರಿ' ಅಂತ ಬರೆದಿದ್ದೀಯ.

ನೀನು ಕೆಲಸ ಕದಿಯೋಳಲ್ಲ. ಮೂಸದೇ ಸಹಿ ಹಾಕೋಳೂ ಅಲ್ಲ. ಹಾಗಾದ್ರೆ ಇದು ಹೇಗೆ ಅಂತ ತಲೆ ಕೆಟ್ಟುಹೋಯ್ತು. ಮೊನ್ನೆ ಪುಟ್ಟನಿಗೆ ಸ್ನಾನ ಮಾಡಿಸ್ತಿದ್ದೆ. ನಿನಗೆ ಕಳಿಸಿದ ಸೋಪೇ ಅವನಿಗೂ ಹಚ್ಚೋದು. ಅದನ್ನ ಕೈಲಿ ಹಿಡ್ಕೊಂಡೇ ಕೂತುಬಿಟ್ಟೆ. ಅಮ್ಮಾ, ಆ ಸೋಪಿಗೆ ವಾಸನೆನೇ ಇಲ್ಲ. ಚರ್ಮ ಉರಿಯಬಾರದು ಅಂತ ಪರಿಮಳ ಹಾಕದೇ ಮಾಡಿರೋದು. ನೀನು ಹಾಲ್ ತನಕ ಘಮ್ ಅನ್ನುತ್ತೆ ಅಂತ ಬರೆದೆ.

ಎಷ್ಟು ದಿನ ಆಯ್ತು ಅಮ್ಮಾ? ಹೋದ ವರ್ಷಕ್ಕೆ ಮುಂಚಿನ ಚಳಿಗಾಲದಲ್ಲಿ ನಿನಗೆ ಹದಿನೈದು ದಿನ ಜ್ವರ ಬಂದಿತ್ತಲ್ಲ, ಆಗಿನಿಂದಲಾ?

ಚಿಕ್ಕವಳಿದ್ದಾಗ ನನ್ನ ಒಂದು ಸುಳ್ಳೂ ನಿನ್ನ ಮೂಗು ದಾಟಲಿಲ್ಲ. ಸ್ಕೂಲು ತಪ್ಪಿಸಿ ನದೀಲಿ ಈಜಿ, ಬಿಸಿಲಲ್ಲಿ ತಲೆ ಒಣಗಿಸಿಕೊಂಡು ಬಂದ್ರೂ ಬಾಗಿಲಲ್ಲೇ 'ಪಾಚಿ ವಾಸನೆ' ಅಂತ ಹಿಡೀತಿದ್ದೆ. ನಿನ್ನ ಮೂಗಿಗೆ ಸಿಗೋದನ್ನ ನಾನು ಅಂಕೀಲಿ ಹಿಡೀಬೇಕು ಅಂತಾನೇ ಈ ಓದಿಗೆ ಬಂದದ್ದು. ನಿನಗೆ ಯಾವತ್ತೂ ಹೇಳಿರಲಿಲ್ಲ.

ಕೇಳಿದ ಕಾಗದ ಬರೆದಿದ್ದೀನಿ. ಇದ್ದದ್ದು ಇದ್ದ ಹಾಗೆ, ಎರಡು ಪುಟ. ಅದರಲ್ಲಿ ನಿನ್ನ ಮೂಗಿನ ವಿಷಯ ಇಲ್ಲ, ಹಣ್ಣಿನ ವಿಷಯ ಮಾತ್ರ ಇದೆ. ಆದ್ರೆ ಓದಿದವರಿಗೆ ಗೊತ್ತಾಗುತ್ತೆ. ಇದರ ಜತೆ ಇರೋ ಕವರಲ್ಲಿದೆ, ಯಜಮಾನರ ಹೆಸರಿಗೆ. ನೀನೇ ಕೈಯಾರೆ ಕೊಡು. ಇನ್ನೊಂದು ಪ್ರತಿ ನನ್ನ ಹತ್ರ ಇದೆ. ತಿಂಗಳ ಕೊನೇ ತನಕ ಕಾಯ್ತೀನಿ. ಆಮೇಲೂ ಕಾಯ್ತಾನೇ ಇದ್ದುಬಿಡ್ತೀನೇನೋ ಅಂತ ನನಗೆ ಭಯ. ಮೀಟರಪ್ಪನ ಮಕ್ಕಳು ನನ್ನ ಕಣ್ಣ ಮುಂದೆ ಇಲ್ಲ, ನೀನು ಇದ್ದೀಯ. ನನ್ನನ್ನ ಅಂಥ ಜಾಗದಲ್ಲಿ ನಿಲ್ಲಿಸಬೇಡ.

ಬೈಯೋದಿದ್ರೆ ಬೈದು ಬರಿ. ಸುಮ್ಮನಿರಬೇಡ.

ನಿನ್ನ ಮಗಳು


ಮಾರ್ಚ್ 19

ಅಕ್ಕಾ, ನಮಸ್ಕಾರ.

ನಾನು, ನಿಮ್ಮ ಮೀಟರಪ್ಪ. ಕಾಗದ ಬರೆದು ಅಭ್ಯಾಸ ಇಲ್ಲ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಗೇಟ್ ಒಳಗೆ ಬಿಡಲ್ಲ, ಮನೆಗೆ ಬಂದು ನಿಮಗೆ ತೊಂದರೆ ಕೊಡೋದೂ ಸರಿ ಅಲ್ಲ, ಅದಕ್ಕೇ ಇವಳ ಕೈಲಿ ಕಳಿಸ್ತಿದ್ದೀನಿ.

ಮೂರು ಕಡೆ ಕೆಲಸ ಕೇಳಿದೆ. ಎಲ್ಲ ಕಡೆ ನಾಲ್ಕನೇ ಕೋಣೆ ಸುದ್ದಿ ನನಗಿಂತ ಮುಂಚೆ ಹೋಗಿ ಕೂತಿದೆ. ಕೋಣೆ ಕೆಡಿಸಿದವನು ಅಂತಾರೆ.

ನಿಮ್ಮ ಮೇಲೆ ನನಗೇನೂ ಇಲ್ಲ. ನಿಮ್ಮ ಮೂಗು ಇಪ್ಪತ್ತಾರು ವರ್ಷ ತಪ್ಪಿಲ್ಲ ಅಂತ ಎಲ್ಲರಿಗೂ ಗೊತ್ತು. ನೀವು ವಾಸನೆ ಸರಿ ಅಂದಮೇಲೆ ಅವತ್ತು ಹಣ್ಣು ಸರಿಯಾಗೇ ಇತ್ತು. ಅಂದ್ರೆ ಆಮೇಲೆ ನಾನೇ ಎಲ್ಲೋ ಏನೋ ತಪ್ಪು ಮಾಡಿರಬೇಕು. ದಿನಾ ಕೂತು ಒಂದೊಂದೇ ನೆನಪು ಮಾಡ್ಕೊಳ್ತೀನಿ, ಯಾವ ಬೋಲ್ಟು, ಯಾವ ಪೈಪು ಅಂತ. ಸಿಗ್ತಾ ಇಲ್ಲ. 'ನೀವು ಹುಚ್ಚರಾಗ್ತಿದ್ದೀರ' ಅಂತ ಇವಳು ನನಗೆ ಹೇಳ್ತಾಳೆ.

ಒಂದೇ ಒಂದು ಉಪಕಾರ. ಡಿಸೆಂಬರಲ್ಲಿ ಕೈ ಮೀಟರು ತಗೊಂಡು ಬಂದಿದ್ದೆ, ನೋಡ್ತೀನಿ ಅಂತ ಕೇಳಿದ್ದೆ ಅನ್ನೋದನ್ನ ಮಾತ್ರ ಯಜಮಾನರಿಗೆ ಹೇಳ್ತೀರಾ? ನೀವು ಬೇಡ ಅಂದಿದ್ದು ಹೇಳಬೇಡಿ. ಕೇಳಿದ್ದ ಅಂತ ಅಷ್ಟು ಹೇಳಿದ್ರೆ ಸಾಕು.

ಇಂತಿ,
ಮೀಟರಪ್ಪ


ಮಾರ್ಚ್ 24

ಮಗಳೇ,

ಮೀಟರಪ್ಪನ ಕಾಗದ ಇದರ ಜತೆ ಇಟ್ಟಿದ್ದೀನಿ. ಮೊದಲು ಅದನ್ನ ಓದು, ಆಮೇಲೆ ಇದು.

ಹೌದು. ಆ ಜ್ವರದಿಂದಲೇ. ಎದ್ದ ಮೇಲೆ ಒಂದು ದಿನ ಹಾಲು ಉಕ್ಕಿ, ಸೀದು, ಪಾತ್ರೆ ತಳ ಕರ್ರಗೆ ಆಗೋ ತನಕ ನಾನು ಪಕ್ಕದಲ್ಲೇ ನಿಂತು ತರಕಾರಿ ಹೆಚ್ಚುತ್ತಿದ್ದೆ. ನೆಗಡಿ ಇರಬೇಕು ಅಂದ್ಕೊಂಡೆ. ತಿಂಗಳಾಯ್ತು, ಎರಡು ತಿಂಗಳಾಯ್ತು. ಫಿನಾಯಿಲ್ ಬಾಟ್ಲಿಗೆ ಮೂಗಿಟ್ಟು ಎಳೆದೆ, ನೀರು ಮೂಸಿದ ಹಾಗೇ ಇತ್ತು. ಡಾಕ್ಟರ ಹತ್ರ ಹೋಗಲಿಲ್ಲ. ಹೋದರೆ ನಿಜ ಆಗಿಬಿಡುತ್ತಲ್ಲ ಅಂತ.

ಹೋದ ವರ್ಷ ಆರೂ ಕೋಣೆ ಮೂಗಿಲ್ಲದೇನೇ ದೂಡಿದೆ. ಹಣ್ಣು ಒತ್ತಿ ನೋಡಿದೆ, ಬಣ್ಣ ನೋಡಿದೆ, ಬೇರೆಯವರ ಮುಖ ನೋಡಿದೆ. ಅದೃಷ್ಟಕ್ಕೆ ಒಂದೂ ಕೆಡಲಿಲ್ಲ. ಆಗ ಧೈರ್ಯ ಬಂತು. ಧೈರ್ಯ ಏನು, ಕೊಬ್ಬು ಅನ್ನು. ನನ್ನ ಮೂಗು ಅಂತ ಒಂದು ಇರಲೇ ಇಲ್ಲವೇನೋ, ಬರೀ ಹೆಸರೇ ಕೆಲಸ ಮಾಡ್ತಿತ್ತೇನೋ ಅಂತ ಒಮ್ಮೊಮ್ಮೆ ಅನ್ನಿಸಿತು.

ಓಣೀಲಿ ಯಾರೂ ನಿಲ್ಲಬಾರದು ಅನ್ನೋ ಕಟ್ಟಳೆ ಮೊದಲು ಹಣ್ಣಿಗಾಗಿ ಮಾಡಿದ್ದು. ಆಮೇಲೆ ಅದನ್ನ ನನಗಾಗಿ ಇಟ್ಟುಕೊಂಡೆ. ಮೂಗು ಹೋದ ಮೇಲೆ ನಾಲಿಗೆಗೂ ರುಚಿ ಹತ್ತಲ್ಲ, ಕೊನೇ ವಾರಗಳಲ್ಲಿ ಕೊಯ್ದಾಗ ಒಳಗೆ ಸ್ವಲ್ಪ ಕಂದು ಕಂಡ್ರೂ ಮಾಗಿದ್ದಿರಬೇಕು ಅಂದ್ಕೊಂಡೆ. ಕೊಯ್ದ ಹಣ್ಣನ್ನ ಮುಚ್ಚಳದ ಬಕೆಟ್ಟಿಗೆ ಹಾಕಿ ನಾನೇ ಗುಂಡಿಗೆ ಸುರಿದು ಬರ್ತಿದ್ದೆ. ಅವತ್ತು ಮೀಟರಪ್ಪ ಬಂದಾಗ ಬಕೆಟ್ಟಿನ ಮುಚ್ಚಳ ಹಾಕಿತ್ತು. ಅವನನ್ನ ಯಾಕೆ ಬೈದೆ ಗೊತ್ತಾ? ಅವನ ಕೈ ಮೀಟರು ಬೇರೆ ಅಂಕಿ ತೋರಿಸಿದ್ರೆ ಮುಚ್ಚಳ ತೆಗೆದು ಅವನೂ ಮೂಸ್ತಿದ್ದ. ಕಿಂಡಿ ತೆಗೆದ್ರೆ ಹಣ್ಣು ಕೆಡುತ್ತೆ ಅಂತ ಅಂದದ್ದು ನೆಪ. ನೀನು ಕೇಳಿದ ಪ್ರಶ್ನೆಗೆ ಉತ್ತರ ಇದು: ಯಜಮಾನರಿಗೆ ಯಾರೂ ಹೇಳಲಿಲ್ಲ. ಹೇಳಬೇಕಾದವಳು ನಾನು, ನಾನು ಹೇಳಲಿಲ್ಲ.

ಪುಟ್ಟನ ವಿಷಯ. ನೀನು ಹುಟ್ಟಿದಾಗ ನಿನ್ನ ನೆತ್ತಿ ಮೂಸಿದ್ದು ನನಗೆ ಇನ್ನೂ ನೆನಪಿದೆ. ಬಿಸಿಲಿಗೆ ಹಾಕಿ ಈಗಷ್ಟೇ ತಂದ ಬಟ್ಟೆ ಹಾಗಿತ್ತು. ಅವನನ್ನ ಎತ್ತಿಕೊಂಡು ತಲೆ ಮೂಸಿದಾಗ ಅಲ್ಲಿ ಏನೂ ಇಲ್ಲದೇ ಹೋದ್ರೆ ನನ್ನ ಮುಖ ನೋಡಿ ನಿನಗೆ ಗೊತ್ತಾಗಿಬಿಡುತ್ತೆ ಅಂತ ಹೆದರಿದೆ. ಅದಕ್ಕೇ ರಿಪೇರಿ, ಅದಕ್ಕೇ ಮಂಡಿನೋವು. ಬಾಗಿಲು ಬಡಿದಾಗೆಲ್ಲ ನೀನೇ ಅಂದ್ಕೊಂಡೆ ಅಂತ ಬರೆದೆಯಲ್ಲ, ಆ ಸಾಲು ಓದಿ ನಾನು ತುಂಬಾ ಅತ್ತೆ. ಆದ್ರೂ ಬರಲಿಲ್ಲ.

ಹುಚ್ಚರಾಗ್ತಿದ್ದೀರ ಅಂತ ಅವನ ಹೆಂಡತಿ ಹೇಳಿದ್ದನ್ನ ಓದಿದ ಮೇಲೆ ಊಟ ಸೇರ್ತಿಲ್ಲ. ನಾನು ಮಾಡಿದ ತಪ್ಪನ್ನ ಅವನು ಕೂತು ಹುಡುಕ್ತಿದ್ದಾನೆ. ನನ್ನ ಮೂಗನ್ನ ನಂಬಿ ತನ್ನ ತಲೆ ಮೇಲೆ ಅನುಮಾನ ಪಡ್ತಿದ್ದಾನೆ.

ಸೋಮವಾರ ಯಜಮಾನರು ಬರ್ತಾರೆ. ನಿನ್ನ ಕವರು ಮೇಜಿನ ಮೇಲಿದೆ. ಹೋಗ್ತೀನೋ ಇಲ್ಲವೋ, ಈಗ ಹೇಳಲಾರೆ.

ಅಮ್ಮ


ಮಾರ್ಚ್ 27

ಅಮ್ಮಾ,

ಹೋಗು. ಹೋಗಿ ಬಂದು ಬರಿ. ಬರೆಯೋಕಾಗದಿದ್ರೂ ಪರವಾಗಿಲ್ಲ, ಹೋಗು.

ಪುಟ್ಟನಿಗೆ ಕೆಳಗಡೆ ಎರಡು ಹಲ್ಲು ಬಂದಿದೆ. ಕಚ್ಚುತ್ತಾನೆ, ಹುಷಾರು.

ಮಗಳು


ಮೇ 6

ಮಗಳೇ,

ಆರು ವಾರ ಆಯ್ತು ಬರೆದು. ಬರೆಯೋಕೆ ಏನೂ ಇರಲಿಲ್ಲ ಅಂತ ಅಲ್ಲ. ಹೇಗೆ ಮುಗಿಯುತ್ತೋ ನೋಡೋಣ ಅಂತ ಕಾದೆ.

ಅವತ್ತು ಆಫೀಸಿಗೆ ಹೋದೆ. ಕವರು ಕೊಟ್ಟೆ. ಯಜಮಾನರು ಎರಡೂ ಪುಟ ಓದಿ, ಕನ್ನಡಕ ತೆಗೆದು, 'ಇದರ ಅರ್ಥ ಏನಕ್ಕಾ?' ಅಂದ್ರು. ನನಗೆ ವಾಸನೆ ಬರಲ್ಲ, ಎರಡು ಚಳಿಗಾಲ ಆಯ್ತು ಅಂದೆ. ನಕ್ಕುಬಿಟ್ರು. ತಮಾಷೆ ಸಾಕು, ಮೀಟರಪ್ಪನ್ನ ಉಳಿಸೋಕೆ ಹೀಗೆಲ್ಲ ಹೇಳಬೇಡಿ ಅಂದ್ರು. ನಂಬಲಿಲ್ಲ ಕಣೇ. ಸುಳ್ಳು ಹೇಳಿದಾಗ ಒಂದು ಸಲವೂ ಅನುಮಾನ ಪಡದವರು, ನಿಜ ಹೇಳಿದಾಗ ನಂಬಲಿಲ್ಲ.

ಕೆಟ್ಟ ಹಣ್ಣಿನದೊಂದು ಡಬ್ಬಿ ಸಾಕ್ಷಿಗೆ ಅಂತ ಬೀರುವಿನಲ್ಲಿ ಇಟ್ಟಿದ್ರು. ತೆಗೆಸಿ ಅಂದೆ. ಮುಚ್ಚಳ ತೆಗೆದ್ರು. ಗುಮಾಸ್ತ ಬಾಗಿಲಾಚೆ ಓಡಿದ, ಯಜಮಾನರು ಕರವಸ್ತ್ರ ಮುಚ್ಚಿಕೊಂಡ್ರು. ನಾನು ಮುಖ ಪೂರ್ತಿ ಡಬ್ಬಿ ಒಳಗಿಟ್ಟು ಎಳೆದೆ. ನಿಧಾನವಾಗಿ, ಮೂರು ಸಲ. ಎತ್ತಿ ನೋಡಿದಾಗ ಯಜಮಾನರ ಕಣ್ಣಲ್ಲಿ ನೀರಿತ್ತು. ಅದು ನಾತಕ್ಕೋ, ನನಗೋ, ಕೇಳಲಿಲ್ಲ. ಡಿಸೆಂಬರಿನ ಮಾತೂ ಹೇಳಿದೆ, ಅವನು ಕೇಳಿದ್ದೂ ಹೇಳಿದೆ, ನಾನು ಬೇಡ ಅಂದಿದ್ದೂ ಹೇಳಿದೆ.

ಮೀಟರಪ್ಪ ಮಾರನೇ ವಾರ ವಾಪಸ್ ಬಂದ. ಬಂದವನೇ ನಾಲ್ಕನೇ ಕೋಣೆ ಕೊಳವೆ ಬಿಚ್ಚಿದ. ಮಷೀನಿನ ಹಿಂದೆ, ಕಾಣದ ಕಡೆ, ಜೋಡಣೆ ಹತ್ರ ಕೂದಲೆಳೆಯಷ್ಟು ಸೀಳು. ಆ ತುಂಡನ್ನ ತಂದು ನನ್ನ ಮುಂದಿಟ್ಟ. 'ಹತ್ತು ನಿಮಿಷದ ಕೆಲಸ ಅಕ್ಕಾ' ಅಂದ. ಬೈಲಿಲ್ಲ. ಕ್ಷಮಿಸಿದೆ ಅಂತಾನೂ ಅನ್ನಲಿಲ್ಲ. ಅವತ್ತಿಂದ ನನ್ನನ್ನ ಅಕ್ಕ ಅನ್ನೋದೂ ನಿಲ್ಲಿಸಿದ್ದಾನೆ, 'ಮೇಡಂ' ಅಂತಾನೆ. ಅದು ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತೆ.

ನನ್ನನ್ನ ಕೆಲಸದಿಂದ ತೆಗೀಲಿಲ್ಲ. ಕೋಣೆಗಳ ಬೀಗದ ಕೈ ವಾಪಸ್ ತಗೊಂಡ್ರು, ಬೆಲ್ಟಿಗೆ ಹಾಕಿದ್ರು. ಹಣ್ಣು ಉರುಳಿಕೊಂಡು ಬರುತ್ತೆ, ಕೆಟ್ಟದ್ದು ಆರಿಸಿ ತೆಗೀಬೇಕು. ಮೂಗಿನಕ್ಕ ಈಗ ಸಾಲಿನಲ್ಲಿ ಹನ್ನೊಂದನೆಯವಳು. ಹನ್ನೆರಡನೆಯವಳು ಯಾರು ಹೇಳು? ಮೀಟರಪ್ಪನ ಹೆಂಡತಿ. ಮೊಣಕೈಗೆ ಮೊಣಕೈ ತಗಲುವಷ್ಟು ಹತ್ರ. ನಾನು ಮೊದಲ ದಿನವೇ 'ತಪ್ಪಾಯ್ತಮ್ಮಾ' ಅಂದೆ. ಅವಳು ಕಿವಿ ಮೇಲೇ ಹಾಕ್ಕೊಳ್ಳಲಿಲ್ಲ. ಇಪ್ಪತ್ತಾರು ದಿನ ಒಂದು ಮಾತಿಲ್ಲ. ನಾನು ಬುತ್ತಿ ಬಿಚ್ಚಿದರೆ ಅವಳು ಎದ್ದು ಹೋಗ್ತಿದ್ದಳು. ನ್ಯಾಯವೇ.

ನಿನ್ನೆ ಬೆಲ್ಟಲ್ಲಿ ಒಂದು ಹಣ್ಣು ನನ್ನ ಕೈಗೆ ಬಂತು. ಕೆಂಪು, ಗಟ್ಟಿ, ಒಂದು ಕಲೆ ಇಲ್ಲ. ತಿರುಗಿಸಿ ನೋಡಿ ಒಳ್ಳೇ ಪೆಟ್ಟಿಗೆಗೆ ಹಾಕೋಕೆ ಹೋದೆ. ಪಕ್ಕದಿಂದ ಕೈ ಬಂದು ತಡೀತು. ಅವಳು ನನ್ನ ಮುಖ ನೋಡಲಿಲ್ಲ, ಬೆಲ್ಟನ್ನೇ ನೋಡ್ತಾ ಹೇಳಿದಳು: 'ಅಕ್ಕಾ, ಅದು ಹುಳಿ ಹಿಡಿದಿದೆ. ಆಚೆ ಹಾಕಿ.'

ಆಚೆ ಹಾಕಿದೆ. ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಹಣ್ಣನ್ನ ನಾನಾಗೇ ಅವಳ ಮುಂದೆ ಹಿಡಿದೆ. ಮೂಸಿ, 'ಇದು ಸರಿ ಇದೆ' ಅಂದಳು. ಸಂಜೆ ತನಕ ಹಾಗೇ ನಡೀತು. ಬೇರೆ ಮಾತಿಲ್ಲ, ಹುಳಿ, ಸರಿ, ಸರಿ, ಹುಳಿ. ನಾನು ತಲೆ ಬಗ್ಗಿಸಿಕೊಂಡು ಅಳ್ತಾ ಇದ್ದೆ, ಅವಳು ನೋಡಿಯೂ ನೋಡದ ಹಾಗೆ ಇದ್ದಳು.

ಶನಿವಾರದ ಬಸ್ಸಿಗೆ ಟಿಕೆಟ್ ತಗೊಂಡಿದ್ದೀನಿ. ಭಾನುವಾರ ಬೆಳಿಗ್ಗೆ ಬಾಗಿಲು ಬಡಿದ್ರೆ ಅದು ನಾನೇ. ಪುಟ್ಟನನ್ನ ನನ್ನ ಕೈಗೆ ಕೊಟ್ಟು ನೀನು ಪಕ್ಕದಲ್ಲೇ ಕೂತಿರು. ನಾನು ಅವನ ತಲೆ ಮೇಲೆ ಮುಖ ಇಡ್ತೀನಿ. ಹೇಗಿದೆ ಅಂತ ನೀನು ಹೇಳು.

ನಿನ್ನ ಅಮ್ಮ